ಮಹಾಬೋಧಿ ಬರ್ನ್ಸ್ ವಾರ್ಡ್, ವಿಕ್ಟೋರಿಯಾ ಆಸ್ಪತ್ರೆ: ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿತು

ನನ್ನ ತಮ್ಮ ಮದುವೆ ಮನೆಗಳಲ್ಲಿ ಅಡುಗೆ ಮಾಡುವವನು. ಬೋಂಡಾ ಕರಿಯುವ ಬಾಣಲೆ ಮಗುಚಿ ಎದೆ, ಹೊಟ್ಟೆ, ಎರಡೂ ತೋಳು ಸುಟ್ಟವು. ನಮ್ಮೂರಿನ ನರ್ಸಿಂಗ್ ಹೋಮ್‌ನಲ್ಲಿ ಸುಮ್ನೆ ಮುಲಾಮು ಹಚ್ಚಿ ಬಟ್ಟೆ ಸುತ್ತುತ್ತಿದ್ದರು. ಅಲ್ಲಿಂದ ಬೆಂಗಳೂರಿಗೆ ಕರೆತಂದೆವು.

ಇಲ್ಲಿ ತಡ ಮಾಡಲಿಲ್ಲ. ಸತ್ತ ಚರ್ಮ ಕೊಯ್ದು ತೆಗೆದು, ತೊಡೆಯ ಚರ್ಮ ತಂದು ಕಸಿ ಮಾಡಿದರು. ಅದೇ ರಾತ್ರಿ ಜ್ವರ 102 ದಾಟಿತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆಪರೇಷನ್ ಕೆಟ್ಟಿತು, ಕೀವಾಗಿದೆ ಎಂದು ಅಮ್ಮ ಅಳಲು ಶುರು ಮಾಡಿದರು.

ಡ್ಯೂಟಿ ಡಾಕ್ಟರು ಅಮ್ಮನ ಪಕ್ಕ ಕೂತು ವಿವರಿಸಿದರು. ಮೈಯ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಸುಟ್ಟರೆ ಉರಿಯೂತ (ಗಾಯಕ್ಕೆ ಮೈ ಕೆರಳುವುದು) ಗಾಯದಲ್ಲೇ ನಿಲ್ಲುವುದಿಲ್ಲ, ರಕ್ತದ ಮೂಲಕ ಇಡೀ ಮೈಗೆ ಹರಡುತ್ತದೆ. ಸತ್ತ ಚರ್ಮ ಅದನ್ನು ಕೆರಳಿಸುತ್ತಲೇ ಇರುತ್ತದೆ, ಅದಕ್ಕೇ ಬೇಗ ತೆಗೆಯುವುದು. ಆದರೆ ಕತ್ತಿ ತಾಗಿದ್ದೂ ಮೈಗೆ ಇನ್ನೊಂದು ಗಾಯವೇ ಅಲ್ವಾ? ಅದಕ್ಕೂ ಮೈ ಕೆರಳುತ್ತದೆ. ಜ್ವರ, ಜೋರು ನಾಡಿ, ಬಿಳಿ ರಕ್ತಕಣ ಮತ್ತು ಸಿಆರ್‌ಪಿ (ಉರಿಯೂತ ಎಷ್ಟಿದೆ ಎಂದು ತೋರಿಸುವ ರಕ್ತ ಪರೀಕ್ಷೆ) ಏರುವುದು, ಇವೆಲ್ಲ ಸೋಂಕು ಇಲ್ಲದೆಯೂ ಆಗುತ್ತವೆ.

ಹಾಗಂತ ಕೈಕಟ್ಟಿ ಕೂರಲಿಲ್ಲ. ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಎಂದು ನೋಡಲು ಕಲ್ಚರ್‌ಗೆ ಕಳಿಸಿದರು. ಬಿಪಿ, ಮೂತ್ರದ ಅಳತೆ ಗಂಟೆಗಂಟೆಗೂ ಬರೆದರು. ಸೋಂಕಿದ್ದರೆ ರಕ್ತದಲ್ಲಿ ಹೆಚ್ಚಾಗಿ ಏರುವ ಪ್ರೊಕ್ಯಾಲ್ಸಿಟೋನಿನ್ ಎಂಬ ಅಂಶವನ್ನು ಮತ್ತೆ ಮತ್ತೆ ನೋಡಿದರು. "ಒಂದು ರಿಪೋರ್ಟ್ ನಂಬಬೇಡಿ ಅಮ್ಮ, ಇಳೀತಾ ಇದೆಯಾ ನೋಡೋಣ" ಎಂದರು. ಇಳಿಯಿತು. ಕಲ್ಚರ್‌ನಲ್ಲೂ ಏನೂ ಬೆಳೆಯಲಿಲ್ಲ. ನನ್ನ ಮಟ್ಟಿಗೆ ಈ ವಾರ್ಡಿನ ದೊಡ್ಡ ಗುಣ ಇದೇ, ಮನೆಯವರಿಗೆ ಅರ್ಥವಾಗುವಂತೆ ಹೇಳುತ್ತಾರೆ.

ಊಟದ ವಿಷಯದಲ್ಲಿ ಸಿಸ್ಟರ್‌ಗಳು ಬಹಳ ಕಟ್ಟುನಿಟ್ಟು. ಇಂಥ ಉರಿಯೂತದಲ್ಲಿ ಮೈ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದಂತೆ. ಮೊಟ್ಟೆ, ಹಾಲು, ಬೇಳೆ ತಿನ್ನಿಸದೆ ಬಿಡುತ್ತಿರಲಿಲ್ಲ. ಚರ್ಮವಿಲ್ಲದ ಮೈ ಶಾಖ ಬೇಗ ಕಳೆದುಕೊಳ್ಳುತ್ತದೆ, ಅದಕ್ಕೆ ಫ್ಯಾನ್ ಹಾಕಿ ಎಂದು ಗಲಾಟೆ ಮಾಡಬೇಡಿ. ಚರ್ಮ ತೆಗೆದ ತೊಡೆ ತುಂಬಾ ಉರಿಯುತ್ತದೆ, ನೋವಿನ ಮದ್ದು ಕೇಳಲು ಸಂಕೋಚ ಬೇಡ.

ಇದೇ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಕೂಡ ಇದೆ. ತೊಡೆಯಲ್ಲೂ ಚರ್ಮ ಉಳಿಯದವರಿಗೆ ದಾನದ ಚರ್ಮವನ್ನೇ ತಾತ್ಕಾಲಿಕವಾಗಿ ಹೊದಿಸುತ್ತಾರೆ. ಸತ್ತ 6 ಗಂಟೆಯೊಳಗೆ ದಾನ ಮಾಡಬಹುದು. ದಯವಿಟ್ಟು ಮನೆಯಲ್ಲಿ ಈ ಬಗ್ಗೆ ಮಾತಾಡಿ.

ಬೇರೆ ಊರಿನಿಂದ ಬರುವವರು ಸುಟ್ಟ ಸಮಯ, ಎಷ್ಟು ಡ್ರಿಪ್ ಹಾಕಿದರು ಎಂಬ ಲೆಕ್ಕ ಬರೆಸಿಕೊಂಡು ಬನ್ನಿ. ನಮ್ಮನ್ನು ಮೊದಲು ಕೇಳಿದ್ದೇ ಅದು.