ವಾಗನೋವಾ, ಚೆಕೆಟ್ಟಿ: ಎರಡೂ ಕಲಿತ ಮೇಲೆ

ಮೈಸೂರಿನಲ್ಲಿ ಹತ್ತು ವರ್ಷ ಭರತನಾಟ್ಯ ಕಲಿತವಳು ನಾನು. ಕೆಲಸಕ್ಕೆಂದು ಲಂಡನ್ನಿಗೆ ಬಂದಮೇಲೆ, 32ನೇ ವಯಸ್ಸಿನಲ್ಲಿ ಬ್ಯಾಲೆ ಕ್ಲಾಸಿಗೆ ಸೇರಿದೆ. ಬ್ಯಾಲೆ ಕಲಿಸುವ ಪದ್ಧತಿಗಳು ಹಲವು, ಅದರಲ್ಲಿ ಎರಡನ್ನು ನಾನು ಕಲಿತೆ. ಮೊದಲ ವರ್ಷ ವಾಗನೋವಾ ಪದ್ಧತಿ. ಆಮೇಲೆ ಒಂದೂವರೆ ವರ್ಷ ಚೆಕೆಟ್ಟಿ. ದೊಡ್ಡವರಾದ ಮೇಲೆ ಶುರು ಮಾಡುವವರು, ವಾರಕ್ಕೆ ಒಂದೆರಡು ದಿನ ಮಾತ್ರ ಬಿಡುವು ಇರುವವರು ಯಾರೇ ಕೇಳಿದರೂ ನಾನು ಹೇಳುವುದು ಚೆಕೆಟ್ಟಿಯನ್ನೇ.

ಹಾಗಂತ ಎರಡೂ ಪೂರ್ತಿ ಬೇರೆ ಬೇರೆ ಅಂತಲ್ಲ. ಎನ್ರಿಕೊ ಚೆಕೆಟ್ಟಿ ಇಟಲಿಯವರು. 1890ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 'ಸ್ಲೀಪಿಂಗ್ ಬ್ಯೂಟಿ' ಬ್ಯಾಲೆ ಮೊದಲ ಸಲ ರಂಗಕ್ಕೆ ಬಂದಾಗ ಶಾಪ ಹಾಕುವ ಕಾರಬಾಸ್ ಪಾತ್ರವೂ ಅವರದೇ, ನೀಲಿ ಹಕ್ಕಿಯ ಪಾತ್ರವೂ ಅವರದೇ. ಅದೇ ಊರಿನಲ್ಲಿ ಪಾಠವನ್ನೂ ಹೇಳಿದರು. ಅವರ ಹತ್ತಿರ ಕಲಿತ ಓಲ್ಗಾ ಪ್ರಿಯೊಬ್ರಜೆನ್ಸ್ಕಾಯಾರಿಂದ ಅಗ್ರಿಪ್ಪಿನಾ ವಾಗನೋವಾ ಇಟಲಿಯ ಗಟ್ಟಿತನವನ್ನು ತಿಳಿದುಕೊಂಡರು. ಅದಕ್ಕೆ ಫ್ರಾನ್ಸಿನ ನಯ, ರಷ್ಯದ ವಿಸ್ತಾರ ಸೇರಿಸಿ ತಮ್ಮದೇ ಪಾಠಕ್ರಮ ಕಟ್ಟಿದರು. ಅದು 1934ರಲ್ಲಿ ಪುಸ್ತಕವಾಯಿತು. ಚೆಕೆಟ್ಟಿ 1918ರಲ್ಲಿ ಲಂಡನ್ನಿನಲ್ಲಿ ಶಾಲೆ ತೆರೆದರು. ಅವರ ಪಾಠವೂ 1922ರಲ್ಲಿ ಪುಸ್ತಕವಾಗಿ ಬಂತು.

ವಾಗನೋವಾ ಕ್ಲಾಸಿನಲ್ಲಿ ಮೊದಲ ತಿಂಗಳುಗಳು ಬಲು ನಿಧಾನ. ಬಾರ್ (ಹಿಡಿದು ನಿಲ್ಲುವ ಅಡ್ಡಕೋಲು) ಕಡೆ ಮುಖ ಮಾಡಿ, ಎರಡೂ ಕೈಯಿಂದ ಹಿಡಿದು, ಕಾಲನ್ನು ಪಕ್ಕಕ್ಕೆ ಚಾಚುವುದು, ಎಳೆದುಕೊಳ್ಳುವುದು. ನನಗಿದು ಹಿಡಿಸಿತು. ಭರತನಾಟ್ಯದಲ್ಲಿ ನಾವೂ ಮೊದಲ ಹೆಜ್ಜೆಯಾದ ತಟ್ಟಡವನ್ನು ಒಂದನೇ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ, ಎಷ್ಟು ಸಲ ಮಾಡಿಲ್ಲ, ಅಲ್ವಾ? ಆಮೇಲೆ ಬಂದದ್ದು ಬೆನ್ನು. ಕೈ ಎತ್ತಿದರೆ ಅದು ಬೆನ್ನಿನಿಂದ ಹೊರಡಬೇಕು. ತಲೆ, ಕಣ್ಣು ಕೈಯ ಜೊತೆ ಹೋಗಬೇಕು. ಯತೋ ಹಸ್ತಸ್ತತೋ ದೃಷ್ಟಿಃ (ಕೈ ಎಲ್ಲೋ ಕಣ್ಣು ಅಲ್ಲಿ) ಅಂತ ಚಿಕ್ಕಂದಿನಿಂದ ಕೇಳಿದ್ದರೂ, ಬೆನ್ನಿನ ಬಲ ಏನೆಂದು ನನಗೆ ಗೊತ್ತಾದದ್ದು ಅಲ್ಲೇ. ಇದರಲ್ಲಿ ವಾಗನೋವಾವನ್ನು ಮೀರಿಸುವುದು ಕಷ್ಟ.

ತೊಂದರೆ ಆದದ್ದು ಬೇರೆ ಕಡೆ. ಬಾರ್ ಬಿಟ್ಟು ಕೋಣೆಯ ನಡುವೆ ಬಂದ ಮೇಲೆ ಟೀಚರ್ ಪ್ರತಿ ಸಲ ಹೆಜ್ಜೆಗಳ ಹೊಸ ಜೋಡಣೆ ಕೊಡುತ್ತಿದ್ದರು. ದಿನಾ ಬರುವ ಮಕ್ಕಳಿಗೆ ಇದು ಒಳ್ಳೆಯದೇ. ಈ ಕ್ರಮ ಇರುವುದೂ ಒಂಬತ್ತು ಹತ್ತು ವರ್ಷದ ಮಕ್ಕಳನ್ನು ತೆಗೆದುಕೊಂಡು, ಎಂಟು ವರ್ಷ ಕೂರಿಸಿ ಕಲಿಸುವುದಕ್ಕೆ. ವಾರಕ್ಕೊಮ್ಮೆ ಬರುವ ನನಗೆ ಮುಂದಿನ ಹೆಜ್ಜೆ ಯಾವುದು ಅಂತ ನೆನಪಿಟ್ಟುಕೊಳ್ಳುವುದರಲ್ಲೇ ಕ್ಲಾಸು ಮುಗಿಯುತ್ತಿತ್ತು. ಆ ಗಡಿಬಿಡಿಯಲ್ಲಿ ಪಾದ ಮಾತ್ರ ಹೊರಕ್ಕೆ ತಿರುಗಿಸಿ, ಸೊಂಟದ ಕೀಲು ತಿರುಗಿಸದೆ ನಿಲ್ಲುತ್ತಿದ್ದೆ. ಯಾರೂ ಹೇಳಲಿಲ್ಲ. ಎರಡು ತಿಂಗಳು ಮಂಡಿ ನೋವು ತಿಂದೆ. ಭರತನಾಟ್ಯದ ಅರೆಮಂಡಿಯಲ್ಲೂ (ಮಂಡಿ ಬಗ್ಗಿಸಿ ಅರ್ಧ ಕೂರುವ ಭಂಗಿ) ಇದೇ ತಪ್ಪು ಮಾಡುವವರಿದ್ದಾರೆ, ದಯವಿಟ್ಟು ಗಮನಿಸಿ.

ಚೆಕೆಟ್ಟಿಯಲ್ಲಿ ವಾರದ ಒಂದೊಂದು ದಿನಕ್ಕೆ ಒಂದೊಂದು ಪಾಠ ಗೊತ್ತು ಮಾಡಿದೆ. ಸೋಮವಾರ ಅಸಾಂಬ್ಲೆ, ಗುರುವಾರ ಜೆತೆ (ಎರಡೂ ಜಿಗಿತಗಳು), ಹೀಗೆ. ನಮ್ಮ ಟೀಚರ್ ವಾರಕ್ಕೆ ಒಂದು ದಿನದ ಪಾಠ ತೆಗೆದುಕೊಳ್ಳುತ್ತಿದ್ದರು. ಎಂಟು ಪೋರ್ ದ ಬ್ರಾ (ಕೈ ಚಲನೆಯ ಅಭ್ಯಾಸಗಳು) ಕೂಡ ಗೊತ್ತಾದ ಕ್ರಮದಲ್ಲೇ. ಬೇಜಾರಾಗಬಹುದು ಅಂದುಕೊಂಡಿದ್ದೆ, ಆಗಲಿಲ್ಲ. ಮುಂದೇನು ಅಂತ ಗೊತ್ತಿದ್ದಾಗ ಗಮನವೆಲ್ಲ ಮೈ ಮೇಲೆ ಬರುತ್ತದೆ. ಮೂರನೇ ಪೋರ್ ದ ಬ್ರಾದಲ್ಲಿ ನನ್ನ ಎಡಭುಜ ಮೇಲಕ್ಕೆ ಏರುತ್ತದೆ ಎಂದು ಕಂಡದ್ದು ಹದಿನೈದನೇ ಸಲಕ್ಕೋ ಏನೋ. ಮನೆಯಲ್ಲಿ ಅಡುಗೆಮನೆ ಕಟ್ಟೆ ಹಿಡಿದುಕೊಂಡೂ ಅಭ್ಯಾಸ ಮಾಡಬಹುದು. ಮಂಡಿ ನೋವು ಹೋದದ್ದೂ ಹೀಗೆ, ಅದೇ ಪ್ಲಿಯೆಯನ್ನು (ಮಂಡಿ ಬಗ್ಗಿಸುವ ಅಭ್ಯಾಸ) ನೋಡಿ ನೋಡಿ ತಿದ್ದಿಕೊಂಡು.

ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹೆಸರುಗಳು ಗೊಂದಲ ಮಾಡುತ್ತವೆ. ಎರಡೂ ಕೈ ತಲೆ ಮೇಲೆ ಇದ್ದರೆ ವಾಗನೋವಾದಲ್ಲಿ ಮೂರನೇ ಸ್ಥಾನ, ಚೆಕೆಟ್ಟಿಯಲ್ಲಿ ಐದನೆಯದು. ಅರಬೆಸ್ಕ್, ಅಂದರೆ ಒಂದು ಕಾಲಲ್ಲಿ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವ ಭಂಗಿ, ವಾಗನೋವಾದಲ್ಲಿ ನಾಲ್ಕು ಬಗೆ, ಚೆಕೆಟ್ಟಿಯಲ್ಲಿ ಐದು. ಕೋಣೆಯ ದಿಕ್ಕುಗಳಿಗೂ ನಂಬರು ಇದೆ: ಎದುರಿನ ದಿಕ್ಕು ಅಲ್ಲಿ ಒಂದನೇ ನಂಬರು, ಇಲ್ಲಿ ಐದನೆಯದು. ಮೊದಲ ತಿಂಗಳು ಒಂದು ಚೀಟಿ ಬರೆದಿಟ್ಟುಕೊಂಡರೆ ಸಾಕು.

ಅಕ್ಕ ತನ್ನ ಒಂಬತ್ತು ವರ್ಷದ ಮಗಳಿಗೆ ಯಾವುದು ಅಂತ ಕೇಳಿದಾಗ, ವಾರಕ್ಕೆ ನಾಲ್ಕು ದಿನ ಕಳಿಸುವುದಾದರೆ ವಾಗನೋವಾ ಅಂದೆ. ನಾನಂತೂ ಚೆಕೆಟ್ಟಿಯಲ್ಲೇ ಇದ್ದೇನೆ. ತಿಂಗಳಿಗೊಂದು ಸಲ ಮಾತ್ರ ಹಳೆಯ ಕ್ಲಾಸಿಗೆ ಹೋಗುತ್ತೇನೆ, ಆ ಬೆನ್ನಿಗೋಸ್ಕರ.