ನೈಸರ್ಗಿಕ ಸಂಪನ್ಮೂಲ ಬೋಧಕರಾಗಲು ಮೂರು ದಾರಿಗಳು: ಓದಿ ನೋಡಿದವರ ಹೋಲಿಕೆ

ಮಣ್ಣು, ನೀರು, ಕಾಡುಗಳ ಬಗ್ಗೆ ಜನರಿಗೆ ತಿಳಿಹೇಳುವ ಬೋಧಕರಾಗಬೇಕೆಂದು ಹೊರಟವರಿಗೆ ಸಾಮಾನ್ಯವಾಗಿ ಮೂರು ದಾರಿಗಳು ಕಾಣುತ್ತವೆ: ಸಂಪನ್ಮೂಲ ನಿರ್ವಹಣೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ, ಮನೆಯಲ್ಲಿಯೇ ಮುಗಿಸಬಹುದಾದ ಆನ್‌ಲೈನ್ ಕೋರ್ಸ್, ಮತ್ತು ನಿಸರ್ಗ ಕೇಂದ್ರವೊಂದರಲ್ಲಿ ಹಿರಿಯ ಬೋಧಕರ ಕೈಕೆಳಗೆ ಕೆಲವು ತಿಂಗಳು ಪಡೆಯುವ ತರಬೇತಿ. ಇದೇ ಕ್ರಮದಲ್ಲಿ ನಾನು ಮೂರನ್ನೂ ಮುಗಿಸಿದ್ದೇನೆ. 1977ರಲ್ಲಿ ಜಾರ್ಜಿಯಾದ ಟಿಬಿಲಿಸಿ ನಗರದಲ್ಲಿ ಯುನೆಸ್ಕೋ ನಡೆಸಿದ ಸಮ್ಮೇಳನವು ಪರಿಸರ ಶಿಕ್ಷಣಕ್ಕೆ ಅರಿವು, ಜ್ಞಾನ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ ಎಂಬ ಐದು ಬಗೆಯ ಗುರಿಗಳನ್ನು ಗುರುತಿಸಿತ್ತು. ಈ ಮೂರು ದಾರಿಗಳನ್ನು ತೂಗಿ ನೋಡಲು ನನಗೆ ಒದಗಿದ ಅಳತೆಗೋಲೂ ಅದೇ.

ಪದವಿಯು ಜ್ಞಾನವನ್ನು ಧಾರಾಳವಾಗಿ ಕೊಟ್ಟಿತು. ಗಾಜಿನ ಶೀಶೆಯಲ್ಲಿ ಮಣ್ಣು ಮತ್ತು ನೀರು ಹಾಕಿ ಕುಲುಕಿಟ್ಟರೆ ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ರೇವೆಗೆ ಗಂಟೆಗಳು ಬೇಕು, ಜೇಡಿಯಂತೂ ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದಾಗಿರುವುದೇ ಇದಕ್ಕೆ ಕಾರಣವೆಂಬುದನ್ನೂ, ಅದೇ ಸಣ್ಣತನದಿಂದಾಗಿ ಅದು ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡುತ್ತದೆ ಎಂಬುದನ್ನೂ ನಾನು ಕಲಿತದ್ದು ಅಲ್ಲಿಯೇ. ಆದರೆ ಎರಡು ವರ್ಷಗಳಲ್ಲಿ ಒಮ್ಮೆಯೂ ಹತ್ತು ವರ್ಷದ ಮಗುವಿಗೆ ಇದನ್ನು ಹೇಳುವ ಸಂದರ್ಭ ನನಗೆ ಬರಲಿಲ್ಲ.

ಆನ್‌ಲೈನ್ ಕೋರ್ಸಿನ ವಿಷಯದಲ್ಲಿ ಹೇಳುವುದು ಕಡಿಮೆ. ಪಾಠ ಯೋಜನೆ ಬರೆಯುವುದನ್ನು ಅದು ಚೆನ್ನಾಗಿಯೇ ಕಲಿಸಿತು, ಬೇಕೆಂದಾಗ ಮತ್ತೆ ನೋಡುವ ಅನುಕೂಲವೂ ಇತ್ತು. ಆದರೆ ಒದ್ದೆ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿಯಂತೆ ಹೊರಡಿಸುವ ಪರೀಕ್ಷೆಯನ್ನು ನಾಲ್ಕು ಸಲ ವಿಡಿಯೊದಲ್ಲಿ ನೋಡಿಯೂ, ಕೈಗೆ ಮಣ್ಣು ಬಂದಾಗ ನೀರು ಹೆಚ್ಚಾಗಿ ಅದು ಬೆರಳಿಗೇ ಅಂಟಿಕೊಂಡಿತು. ಪಟ್ಟಿ ಐದು ಸೆಂಟಿಮೀಟರಿಗಿಂತ ಉದ್ದ ಬಂದರೆ ಜೇಡಿಮಣ್ಣು ಎಂಬ ನಿಯಮ ಬಾಯಿಗೆ ಬರುತ್ತಿತ್ತು, ಆದರೆ ಮಣ್ಣಿನ ಹದ ಬೆರಳಿಗೆ ಗೊತ್ತಿರಲಿಲ್ಲ.

ತರಬೇತಿಯ ಮೊದಲ ವಾರದಲ್ಲಿ ನಾನು ಹಳ್ಳದ ದಡದಲ್ಲಿ ಮಕ್ಕಳ ಗುಂಪೊಂದಕ್ಕೆ ನೀರಿನಲ್ಲಿ ಕರಗಿದ ಆಮ್ಲಜನಕದ ಬಗ್ಗೆ ವಿವರಿಸುತ್ತಿದ್ದೆ. ಅವರ ಕಣ್ಣೆಲ್ಲ ಬಿಳಿ ತಟ್ಟೆಯಲ್ಲಿ ಹೊರಳಾಡುತ್ತಿದ್ದ ಹುಳುಗಳ ಮೇಲಿತ್ತು. ಹಿರಿಯ ಬೋಧಕರು ಪಕ್ಕದಲ್ಲಿ ಕುಳಿತು, “ಈ ಹುಳು ಯಾಕೆ ಇಷ್ಟು ಕೆಂಪಗಿದೆ?” ಎಂದಷ್ಟೇ ಕೇಳಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹುಡುಗಿ, “ನಮ್ಮ ಹಾಗೆ ರಕ್ತ ಇದೆಯಾ?” ಎಂದಳು. ಕೈರೊನೊಮಸ್ ಎಂಬ ನುಸಿಯ ಆ ಮರಿಯಲ್ಲಿ ನಿಜಕ್ಕೂ ಹಿಮೋಗ್ಲೋಬಿನ್ ಇದೆ, ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲೂ ಅದು ಬದುಕುವುದು ಅದರ ಬಲದಿಂದಲೇ. ನಾನು ಅರ್ಧ ಗಂಟೆಯಲ್ಲಿ ಮುಟ್ಟಿಸಲಾಗದ ವಿಷಯಕ್ಕೆ ಮಕ್ಕಳು ತಾವಾಗಿಯೇ ಬಂದು ನಿಂತಿದ್ದರು.

ಅಂದು ಸಂಜೆ ಹಿರಿಯ ಬೋಧಕರು ತಮ್ಮ ಟಿಪ್ಪಣಿ ತೋರಿಸಿದರು: ನಾನು ಪ್ರಶ್ನೆ ಕೇಳಿದ ಮೇಲೆ ಪ್ರತಿ ಸಲವೂ ಒಂದೇ ಸೆಕೆಂಡು ಕಾದು ಉತ್ತರವನ್ನು ನಾನೇ ಹೇಳಿಬಿಟ್ಟಿದ್ದೆ. ಶಿಕ್ಷಕರು ಮೂರು ಸೆಕೆಂಡಾದರೂ ಕಾದರೆ ಮಕ್ಕಳ ಉತ್ತರಗಳು ದೀರ್ಘವೂ ಚಿಂತನಶೀಲವೂ ಆಗುತ್ತವೆಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ನಾನದನ್ನು ಆನ್‌ಲೈನ್ ಕೋರ್ಸಿನಲ್ಲಿ ಓದಿಯೂ ಇದ್ದೆ. ಓದಿದ್ದು ನನ್ನ ಅಭ್ಯಾಸವಾದದ್ದು ಯಾರೋ ಎದುರು ಕುಳಿತು ಎಣಿಸಿದ ಮೇಲೆಯೇ.

ಹಾಗೆಂದು ತರಬೇತಿಯೊಂದೇ ಸಾಕೆನ್ನಲಾರೆ. ವಿಜ್ಞಾನ ಓದದೆ ಬಂದಿದ್ದ ಸಹಪಾಠಿಯೊಬ್ಬರು, ಕೆಂಪು ಹುಳು ಕಂಡಲ್ಲೆಲ್ಲ ನೀರು ಕೆಟ್ಟಿದೆಯೆಂದು ಮಕ್ಕಳಿಗೆ ಬಹಳ ಸೊಗಸಾಗಿ ಹೇಳುತ್ತಿದ್ದರು. ಅದು ತಪ್ಪು. ಶುದ್ಧ ನೀರನ್ನೇ ಬಯಸುವ ಸ್ಟೋನ್‌ಫ್ಲೈ, ಮೇಫ್ಲೈ ಎಂಬ ಕೀಟಗಳ ಮರಿಗಳೂ ಅದೇ ತಟ್ಟೆಯಲ್ಲಿವೆಯೇ, ಯಾವುದು ಎಷ್ಟಿದೆ ಎಂದು ನೋಡದೆ ಒಂದು ಜೀವಿಯಿಂದ ತೀರ್ಮಾನಕ್ಕೆ ಬರುವಂತಿಲ್ಲ. ಚೆನ್ನಾಗಿ ಹೇಳಿದ ತಪ್ಪು ಮಕ್ಕಳ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ ಎಂಬುದು ನನ್ನ ನಿಜವಾದ ಆತಂಕ.

ಆದ್ದರಿಂದ ವಿಜ್ಞಾನದ ಪದವಿ ಇರುವವರು ಇನ್ನೊಂದು ಪದವಿಗೆ ಹೋಗದೆ ನೇರವಾಗಿ ತರಬೇತಿಗೆ ಸೇರಲಿ. ಇಲ್ಲದವರು ಮಣ್ಣು, ನೀರು, ಜೀವಪರಿಸರದ ಮೂಲಪಾಠಗಳನ್ನು ಮೊದಲು ಓದಲಿ, ಅದಕ್ಕೆ ಆನ್‌ಲೈನ್ ಕೋರ್ಸೂ ಆದೀತು. ಎಲ್ಲಿಯೇ ಸೇರುವುದಿದ್ದರೂ, ನಾನು ನಿಜವಾದ ಮಕ್ಕಳಿಗೆ ಕಲಿಸುವುದನ್ನು ಯಾರು, ಎಷ್ಟು ಸಲ ಕುಳಿತು ನೋಡುತ್ತಾರೆ ಎಂದು ಮುಂಚೆಯೇ ಕೇಳಬೇಕು, ಉತ್ತರ ಸಂಖ್ಯೆಯಲ್ಲಿ ಸಿಗದಿದ್ದರೆ ಬೇರೆ ಕಡೆ ವಿಚಾರಿಸಬೇಕು.