ಕ್ಯಾಬಿನೆಟ್ ಕಲಿಯೋ ಹುಡುಗರಿಗೆ ಯಾವ ಶೀಟು ಕೊಡಬೇಕು?

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಪ್ಲೈವುಡ್‌ಗೆ. ಅಡುಗೆಮನೆ ಕ್ಯಾಬಿನೆಟ್ ಕಲಿಸೋವಾಗ ಹುಡುಗರ ಕೈಗೆ ಪಾರ್ಟಿಕಲ್ ಬೋರ್ಡ್ (ಮರದ ಚೂರನ್ನ ಅಂಟು ಹಾಕಿ ಒತ್ತಿದ ಹಲಗೆ), ಎಂಡಿಎಫ್ (ಮರದ ನಯವಾದ ನಾರನ್ನ ಒತ್ತಿದ್ದು), ಪ್ಲೈವುಡ್ (ತೆಳು ಮರದ ಪದರಗಳನ್ನ ಅಂಟಿಸಿದ್ದು) ಮೂರನ್ನೂ ಕೊಟ್ಟು ನೋಡಿದ್ದೇನೆ.

ಹಿಂದಿನ ಬ್ಯಾಚಿಗೆ ಕೊಟೇಶನ್ನಿನಲ್ಲಿ ಕಡಿಮೆ ಬಿತ್ತು ಅಂತ ಪ್ರೀ-ಲ್ಯಾಮ್ ಪಾರ್ಟಿಕಲ್ ಬೋರ್ಡ್ ಬಂತು. ಎರಡೂ ಮುಖಕ್ಕೆ ಲ್ಯಾಮಿನೇಟ್ ಹಾಕಿಕೊಂಡೇ ಬರೋದರಿಂದ ಮೈಕಾ (ಮೇಲೆ ಅಂಟಿಸೋ ಲ್ಯಾಮಿನೇಟ್ ಹಾಳೆ), ಫೆವಿಕಾಲ್ ಖರ್ಚೂ ಉಳೀತು. ಕಾಗದದ ಮೇಲೆ ಇದನ್ನ ಯಾವ ಪ್ಲೈವುಡ್ಡೂ ಸೋಲಿಸಲ್ಲ. ತೊಂದರೆ ಶುರುವಾಗಿದ್ದು ಸ್ಕ್ರೂ ಬಿಚ್ಚೋವಾಗ.

ಕಲಿಯೋರು ಬಿಚ್ಚದೆ ಇರ್ತಾರಾ? ಬಾಕ್ಸ್ ಜೋಡಿಸಿ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೆ ಒಂದು ಕಡೆ ಐದು ಎಂಎಂ ಜಾಸ್ತಿ, ಅಂದರೆ ಬಾಕ್ಸ್ ಸೊಟ್ಟ. ಬಿಚ್ಚು. ಡ್ರಾಯರ್ ಜಾರೋ ಚಾನೆಲ್‌ಗೆ ಎರಡೂ ಪಕ್ಕ ಅರ್ಧರ್ಧ ಇಂಚು ಬಿಡಬೇಕು ಅನ್ನೋದು ಮರೆತು ಡ್ರಾಯರ್ ಸಿಕ್ಕಿಹಾಕಿಕೊಂಡಿತು. ಬಿಚ್ಚು. ಪಾರ್ಟಿಕಲ್ ಬೋರ್ಡಿನ ಅಂಚಿನಲ್ಲಿ ಒಮ್ಮೆ ಕೂತ ಸ್ಕ್ರೂ ಹೊರಗೆ ಬರೋವಾಗ ಒಳಗಿನ ಪುಡಿಯನ್ನೂ ಎಳೆದುಕೊಂಡೇ ಬರುತ್ತೆ. ಎರಡನೇ ಸಲ ಅದೇ ತೂತಿಗೆ ಹಾಕಿದರೆ ಸುಮ್ಮನೆ ಸುತ್ತುತ್ತೆ, ಹಿಡಿಯೋದೇ ಇಲ್ಲ. ಹುಡುಗ ಒಂದು ಇಂಚು ಪಕ್ಕಕ್ಕೆ ಹೊಸ ತೂತು ಕೊರೀತಾನೆ, ಆಮೇಲೆ ಅದರ ಪಕ್ಕಕ್ಕೆ ಇನ್ನೊಂದು. ಕೊನೆಗೆ ಸೈಡ್ ಪ್ಯಾನೆಲ್ ಜರಡಿ.

ಪ್ಲೈವುಡ್ಡಲ್ಲೂ ಸ್ಕ್ರೂ ಸಡಿಲ ಆಗುತ್ತೆ. ಆದರೆ ತೂತಿಗೆ ಫೆವಿಕಾಲ್ ಸುರಿದು ಎರಡು ಬೆಂಕಿಕಡ್ಡಿ ತುರುಕಿದರೆ ಮಾರನೇ ದಿನ ಅದೇ ಜಾಗದಲ್ಲಿ ಸ್ಕ್ರೂ ಗಟ್ಟಿಯಾಗಿ ಕೂರುತ್ತೆ. ಪಾರ್ಟಿಕಲ್ ಬೋರ್ಡಿಗೆ ಕಡ್ಡಿ ಹಾಕಿದರೂ ಸುತ್ತಲಿನ ಪುಡಿಯೇ ಕಿತ್ತು ಬರುತ್ತೆ. ಬಾಗಿಲಿನ ಹಿಂಜೂ ಹಾಗೇ. ಬಾಗಿಲೊಳಗೆ ಕೂರೋ ಹಿಂಜಿನ 35 ಎಂಎಂ ಕಪ್ಪನ್ನ ನೀಟಾಗಿ ಕೂರಿಸಿದ್ದರೂ, ತೆರೆದ ಬಾಗಿಲ ಮೇಲೆ ಯಾರೋ ಕೈಯೂರಿ ಎದ್ದರೆ ಎರಡೂ ಸ್ಕ್ರೂ ಬುಡಸಮೇತ ಹೊರಗೆ.

ಹಾಗಂತ ಪಾರ್ಟಿಕಲ್ ಬೋರ್ಡ್ ಕೆಟ್ಟ ಮಾಲು ಅಲ್ಲ. ಮಾಡ್ಯುಲರ್ ಕಿಚನ್ ಫ್ಯಾಕ್ಟರಿಗಳಲ್ಲಿ ಮಷೀನೇ ಅಳತೆ ನೋಡಿ ತೂತು ಕೊರೆಯುತ್ತೆ, ಒಮ್ಮೆ ಜೋಡಿಸಿದ್ದನ್ನ ಯಾರೂ ಬಿಚ್ಚಲ್ಲ. ನನ್ನ ಕ್ಲಾಸಲ್ಲಿ ಅರ್ಧ ಪಾಠ ಬಿಚ್ಚೋದರಲ್ಲೇ ಇದೆ.

ಎಂಡಿಎಫ್‌ಗೆ ರೂಟರ್ (ಡಿಸೈನ್ ಕೆತ್ತೋ ಮಷೀನು) ಹಾಕಿದರೆ ಬೆಣ್ಣೆ ಅಂತಾರಲ್ಲ, ಅದು ನಿಜ. ಬಾಗಿಲಿಗೆ ಡಿಸೈನ್ ತೆಗೆಯೋಕೆ ಅದೇ ಚೆನ್ನ. ಆದರೆ ಮಾಸ್ಕ್ ಇಲ್ಲದೆ ಕೊಯ್ಯೋಕೆ ಬಿಡಬೇಡಿ, ಆ ಧೂಳು ಗಾಳಿಯಿಂದ ಇಳಿಯೋದೇ ಇಲ್ಲ. ಮೊದಲು ಸಣ್ಣ ಪೈಲಟ್ ತೂತು ಹಾಕದೆ ಅಂಚಿಗೆ ಸ್ಕ್ರೂ ಬಿಟ್ಟರೆ ಸೀಳುತ್ತೆ. 18 ಎಂಎಂ ಶೀಟು ನಲವತ್ತು ಕೆಜಿ ಹತ್ತಿರ, ಎತ್ತೋಕೆ ಇಬ್ಬರು ಬೇಕು.

ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಹಲಗೆ) ಸಿಂಕ್ ಕೆಳಗೆ ಸರಿ, ಕಲಿಯೋಕೆ ಬೇಡ.

ಪ್ಲೈವುಡ್ಡಿನ ತಂಟೆ ಬೇರೆ ಥರ. ಅಗ್ಗದ ಶೀಟಿನೊಳಗೆ ಪದರಗಳ ನಡುವೆ ಟೊಳ್ಳು ಇರುತ್ತೆ, ಹಿಂಜ್ ಕಪ್ ಸರಿಯಾಗಿ ಅಲ್ಲೇ ಬಂದು ಬಿದ್ದರೆ ದೇವರೇ ಗತಿ. ಬೆರಳಿಂದ ತಟ್ಟಿ ಸದ್ದು ಕೇಳೋದನ್ನ ಮೊದಲ ವಾರವೇ ಕಲಿಸ್ತೀನಿ. ಬಾಗಿಲಿಗೆ ಒಂದೇ ಮುಖಕ್ಕೆ ಮೈಕಾ ಅಂಟಿಸಿದರೆ ಬಾಗುತ್ತೆ, ಒಳಮುಖಕ್ಕೂ ತೆಳು ಲೈನರ್ ಹಾಳೆ ಹಾಕಲೇಬೇಕು. ಇದೆಲ್ಲ ಹುಡುಗರು ಹೊರಗೆ ಹೋಗಿ ಮೇಸ್ತ್ರಿ ಕೈಕೆಳಗೆ ಮಾಡಬೇಕಾದ ಕೆಲಸವೇ, ಹಾಗಾಗಿ ದಂಡ ಅಲ್ಲ.

ಪ್ಲೈವುಡ್ ಗ್ರೇಡ್ ವಿಷಯ: ಐಎಸ್ (ಭಾರತೀಯ ಮಾನಕ) 710 ಮರೀನ್ ಪ್ಲೈ 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನೋದು ಲೆಕ್ಕ. ಮನೆಗಾದರೆ ಅದೇ ತಗೊಳ್ಳಿ. ಕ್ಲಾಸಿಗೆ ನನಗೆ ಐಎಸ್ 303ರ ಬಿಡಬ್ಲ್ಯೂಆರ್ (ಕುದಿನೀರು ತಡೆಯೋ ಗ್ರೇಡ್) ಸಾಕು, ಜಾಯಿಂಟ್ ಅಭ್ಯಾಸಕ್ಕೆ ನೀರಿಗೆ ಅಷ್ಟು ತಡೆಯದ ಕಮರ್ಷಿಯಲ್ ಪ್ಲೈ ತುಂಡುಗಳು. ಮೂರೂ ಗ್ರೇಡಿನ ತುಂಡುಗಳನ್ನ ಪಾತ್ರೆಯಲ್ಲಿ ಕುದಿಸಿ ತೋರಿಸಿದರೆ ಬೆಲೆ ಯಾಕೆ ಬೇರೆ ಅಂತ ಭಾಷಣ ಮಾಡೋದು ತಪ್ಪುತ್ತೆ.

ದುಡ್ಡಿನ ಮಾತಿಗೆ ಬಂದರೆ, ನಾನು ಗ್ರೇಡ್ ಇಳಿಸಲ್ಲ, ಬಾಕ್ಸ್ ಕಡಿಮೆ ಮಾಡ್ತೀನಿ. ಇಬ್ಬರಿಗೆ ಒಂದು ಎಂಟಡಿ-ನಾಲ್ಕಡಿ ಶೀಟು. ಉದ್ದಕ್ಕೆ 22 ಇಂಚಿನ ಎರಡು ಪಟ್ಟಿ ಸೀಳಿದರೆ ಎರಡಡಿ ಅಗಲದ ಕೆಳಗಿನ ಬಾಕ್ಸಿಗೆ ಸೈಡು, ತಳ, ಶೆಲ್ಫ್, ಎರಡು ಬಾಗಿಲು ಎಲ್ಲಾ ಸಿಗುತ್ತೆ. ಗರಗಸ ತಿಂದು ಉಳಿದ ಮೂರೂಮುಕ್ಕಾಲು ಇಂಚಿನ ಪಟ್ಟಿ ಮೇಲಿನ ಅಡ್ಡಪಟ್ಟಿಗೆ. ಹಿಂಬದಿಗೆ ಮಾತ್ರ 6 ಎಂಎಂ ಬೇರೆ ತರಿಸಬೇಕು.